ಖಾಲಿ ಸೀಟಿನ ಗುಂಯ್

ಇದನ್ನು ನಂಬಿ ಎಂದು ನಾನು ಯಾರ ಹಿಂದೆಯೂ ಬೀಳುವುದಿಲ್ಲ. ನಂಬಿದರೆ ನನಗೇನೂ ಸಿಗುವುದಿಲ್ಲ, ನಂಬದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಆ ರಾತ್ರಿ ನಾನು ಕುಡಿದಿರಲಿಲ್ಲ, ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲೂ ಇಲ್ಲ. ಕಿವಿಗಳಂತೂ ನೆಟ್ಟಗಿದ್ದವು. ನೆಟ್ಟಗಿದ್ದದ್ದೇ ತಪ್ಪಾಯಿತೇನೋ...

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಬಿಳಿ ಸೀರೆ, ಗೆಜ್ಜೆ ಸದ್ದು, ಹಿಂದುಮುಂದಾದ ಪಾದ. ಅದೇ ಹಳಸಿದ ಸಾರನ್ನು ಬಿಸಿ ಮಾಡಿ ಮಾಡಿ ಬಡಿಸುತ್ತಾರೆ, ಕೇಳುವವರು ಬಾಯಿ ಚಪ್ಪರಿಸುತ್ತಾರೆ. ನಾನು ಹೇಳುವುದರಲ್ಲಿ ಸೀರೆಯೂ ಇಲ್ಲ, ಗೆಜ್ಜೆಯೂ ಇಲ್ಲ. ಇರುವುದು ಒಂದು ಹಳೆ ಕಾರು ಮತ್ತು ಒಂದು ಸದ್ದು.

ನನ್ನ ಹೆಸರು ದಯಾನಂದ. ಜೋಗುಪಾಳ್ಯದ ಒಂದು ಗಲ್ಲಿಯಲ್ಲಿ ನನ್ನ ಗ್ಯಾರೇಜ್. ಕಾರಿನಲ್ಲಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹಿಡಿಯುವುದು ನನ್ನ ಕೆಲಸ. ಬರುವ ಗಿರಾಕಿಗಳ ವರ್ಣನೆ ಕೇಳಬೇಕು ನೀವು. ಒಬ್ಬ "ಗರ್ ಅನ್ನುತ್ತೆ" ಎನ್ನುತ್ತಾನೆ, ಇನ್ನೊಬ್ಬ "ಫ್ಲೈಟ್ ಹೋದಂಗೆ" ಎನ್ನುತ್ತಾನೆ. ಮತ್ತೊಬ್ಬ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬಂದು, "ಬೇರಿಂಗ್ ಚೇಂಜ್ ಮಾಡ್ಬಿಡಿ ಬಾಸ್" ಎಂದು ನನಗೇ ಪಾಠ ಹೇಳುತ್ತಾನೆ. ಯಾವ ಚಕ್ರದ್ದಪ್ಪಾ ಎಂದರೆ ಮೇಲೆ ಕೆಳಗೆ ನೋಡುತ್ತಾನೆ. ಇನ್ನು ಕೆಲವು ಮಹಾನುಭಾವರು ಸದ್ದು ಕೇಳಬಾರದೆಂದು ಹಾಡಿನ ವಾಲ್ಯೂಮ್ ಏರಿಸಿಕೊಂಡೇ ತಿಂಗಳುಗಟ್ಟಲೆ ಓಡಿಸಿರುತ್ತಾರೆ.

ವಿಷಯ ಬಹಳ ಸರಳ. ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಗುಂಡುಗಳಿರುವ ಉಕ್ಕಿನ ಬಳೆಯೊಂದು ಇರುತ್ತದೆ. ಅದೇ ಬೇರಿಂಗ್. ಸವೆದರೆ ಗುಂಯ್ ಎನ್ನುತ್ತದೆ. ವೇಗ ಏರಿದಷ್ಟೂ, ಮೇಲೆ ಭಾರ ಬಿದ್ದಷ್ಟೂ ಸದ್ದು ಜೋರು. ಪೂರ್ತಿ ಕೆಟ್ಟರೆ ಓಡುವಾಗಲೇ ಚಕ್ರ ಕಳಚಿಕೊಳ್ಳಬಹುದು. ಇದರಲ್ಲಿ ದೇವರೂ ಇಲ್ಲ, ದೆವ್ವವೂ ಇಲ್ಲ ಎಂದು ನಾನು ಎಷ್ಟೋ ಜನರ ಮುಖಕ್ಕೆ ಹೇಳಿದ್ದೇನೆ.

ಸದ್ದು ಹಿಡಿಯಲು ನನ್ನದೇ ಒಂದು ಕ್ರಮವಿದೆ. ಗಾಡಿಯವರು ಓಡಿಸಬೇಕು, ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಕಣ್ಣು ತೆರೆದಿದ್ದರೆ ಕಿವಿ ಸೋಮಾರಿಯಾಗುತ್ತದೆ. ರಸ್ತೆ ಖಾಲಿ ಇರಬೇಕು. ಈ ಊರಿನಲ್ಲಿ ರಸ್ತೆ ಖಾಲಿಯಾಗುವುದು ಎಲ್ಲರೂ ಉಂಡು ಮಲಗಿದ ಮೇಲೆ. ರಾತ್ರಿ ಹೊತ್ತು ಹೊರಡುವುದು ಅದಕ್ಕೇ ಹೊರತು ಶೋಕಿಗಲ್ಲ.

ಸೆಲ್ವಿ ಬಂದಾಗ ನಾನು ಶಟರ್ ಎಳೆಯುತ್ತಿದ್ದೆ. ನಮ್ಮ ಪಾಳ್ಯದ ಹುಡುಗಿಯೇ, ಕ್ಯಾಬ್ ಓಡಿಸುತ್ತಾಳೆ. ಶಿವಾಜಿನಗರದ ಕಡೆಯ ಏಜೆಂಟ್ ಒಬ್ಬನಿಂದ ಈಚೆಗಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದಳು. ಡ್ಯಾಶ್‌ಬೋರ್ಡ್ ಮೇಲೆ ಮೂರು ದೇವರು, ಕನ್ನಡಿಗೆ ದರ್ಗಾದ ತಾಯಿತ, ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿಯ ದೃಷ್ಟಿದಾರ. ದಾರದಲ್ಲಿದ್ದ ನಿಂಬೆ ಒಣಗಿ ಕಪ್ಪಗಾಗಿತ್ತು. ಇಷ್ಟೆಲ್ಲ ಕಾವಲಿಟ್ಟವಳು ಟೈರಿಗೆ ಗಾಳಿ ಮಾತ್ರ ಸರಿಯಾಗಿ ಹಾಕಿಸಿರಲಿಲ್ಲ.

"ಅಣ್ಣ, ಹಿಂದೆ ಎಡಗಡೆ ಗುಂಯ್ ಅಂತಿದೆ. ಕಲ್ಯಾಣ ನಗರದಲ್ಲಿ ಬೇರಿಂಗ್ ಹಾಕಿಸ್ದೆ, ಹೋಗ್ಲಿಲ್ಲ. ಆಮೇಲೆ ಟೈರ್ ಬದಲಾಯಿಸಿದ್ರು, ಅದ್ಕೂ ಹೋಗ್ಲಿಲ್ಲ."

"ಕಿವಿ ಬದಲಾಯಿಸ್ಕೋಬೇಕಿತ್ತು ಅವ್ರು. ನಾಳೆ ಬಾ."

"ನಾಳೆ ಆಗಲ್ಲಣ್ಣ. ಬೆಳಕು ಹರಿಯೋಕ್ ಮುಂಚೆ ಉಷಾನ ಕರ್ಕೊಂಡ್ ಹೊರಡ್ಬೇಕು."

ಉಷಾ ಅವಳ ತಂಗಿ, ಲಿಂಗರಾಜಪುರಕ್ಕೆ ಕೊಟ್ಟಿದ್ದರು. ತುಂಬು ಬಸುರಿ. ಬಾಣಂತನಕ್ಕೆ ಬಂಗಾರಪೇಟೆಯ ತವರಿಗೆ ಬಿಟ್ಟು ಬರಬೇಕಿತ್ತು. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕಿರಲಿಲ್ಲ, ಹಾಗಾಗಿ ಅಕ್ಕ ತಂಗಿ ಇಬ್ಬರೇ.

"ಮೊದಲನೇದು ನಿಲ್ಲಲಿಲ್ಲ ಅಣ್ಣ. ಇದೊಂದ್ ನಿಂತಿದೆ. ಹೈವೇಲಿ ಚಕ್ರ ಗಿಕ್ರ ಕಳಚಿಕೊಂಡ್ರೆ ನಾನ್ ಬದುಕಿದ್ದೂ ಸತ್ತಂಗೆ. ನೀವು ಹೂಂ ಅಂದ್ರೆ ಹೋಗ್ತೀನಿ, ಊಹೂಂ ಅಂದ್ರೆ ಇಲ್ಲ."

ಅವಳ ದನಿ ನಡುಗುತ್ತಿತ್ತು. ನನಗೆ ಅಳುವವರನ್ನು ಕಂಡರೂ ಆಗುವುದಿಲ್ಲ. ಆದರೆ ಬಸುರಿಯ ವಿಷಯ, ಇಲ್ಲವೆನ್ನಲಾಗಲಿಲ್ಲ. "ಊಟ ಮಾಡ್ಕೊಂಡ್ ಬಾ" ಎಂದೆ.

ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ಕಡೆ ಹೊರಟೆವು. ಅಂಗಡಿಗಳೆಲ್ಲ ಮುಚ್ಚಿದ್ದವು. ಮೆಟ್ರೋ ಓಡಾಟ ನಿಂತು ಕಂಬಗಳು ಮಾತ್ರ ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ನಾನು ಹಿಂದೆ, ಬಲಗಡೆ ಕೂತೆ. ಸೆಲ್ವಿಯ ಬೆನ್ನ ಹಿಂದೆ. ಒಳಗೆ ಹಳೆ ಸೀಟ್ ಕವರ್ ವಾಸನೆ, ಅದರ ಜೊತೆ ಕೊಳೆತ ನಿಂಬೆಯದೂ... ಬಂಪರಿನದು ಒಳಗೆ ಹೇಗೆ ಬರುತ್ತದೆ ಎಂದು ಆಗ ಯೋಚಿಸಲಿಲ್ಲ.

ಇಂದಿರಾನಗರ ದಾಟುತ್ತಿದ್ದಂತೆ ಸದ್ದು ಶುರುವಾಯಿತು.

ಗುಂಯ್ಯ್ಯ್...

ಸಣ್ಣಗೆ, ಒಂದೇ ಸಮನೆ, ಎಡಗಡೆಯಿಂದ. ನನಗೆ ನಗು ಬಂತು. ಇಷ್ಟು ಸ್ಪಷ್ಟವಾಗಿರುವುದನ್ನು ಹಿಡಿಯಲಾಗದ ಕಲ್ಯಾಣ ನಗರದವನು ಗ್ಯಾರೇಜ್ ಮುಚ್ಚಿ ಎಳನೀರು ಮಾರಲಿ ಎಂದುಕೊಂಡೆ.

"ಸ್ಟೇರಿಂಗ್ ನಿಧಾನಕ್ಕೆ ಬಲಕ್ಕೆ ಎಳಿ."

ಬಲಕ್ಕೆ ಎಳೆದರೆ ಗಾಡಿಯ ಭಾರ ಎಡಕ್ಕೆ ಬೀಳುತ್ತದೆ. ಎಡಗಡೆ ಬೇರಿಂಗ್ ಸವೆದಿದ್ದರೆ ಸದ್ದು ಜೋರಾಗಲೇಬೇಕು. ಆಗಲಿಲ್ಲ. ಎಡಕ್ಕೆ ಎಳೆಸಿದೆ. ತಗ್ಗಲೂ ಇಲ್ಲ. ನ್ಯೂಟ್ರಲ್ ಮಾಡಿಸಿದೆ, ಅಂದರೆ ಎಂಜಿನ್ ಬಿಡಿಸಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟೆ. ವೇಗ ಇಳಿಯಿತು. ಸದ್ದು ಇಳಿಯಲಿಲ್ಲ.

ಆಗ ಗಾಜು ಇಳಿಸಿ ಉದ್ದ ಕಾಂಪೌಂಡೊಂದರ ಪಕ್ಕದಲ್ಲೇ ಓಡಿಸಲು ಹೇಳಿದೆ. ಚಕ್ರದ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ತಪ್ಪಿಸಿಕೊಳ್ಳಲಾರದು. ಗೋಡೆಯಿಂದ ಬಂದದ್ದು ಬರೀ ಟೈರಿನ ಸರಸರ. ಗುಂಯ್ ಮಾತ್ರ ಹೊರಗಿಂದ ಬರಲಿಲ್ಲ. ಅದು ಕಾರಿನ ಒಳಗಿತ್ತು.

"ಏನಣ್ಣ?"

"ಏನಿಲ್ಲ. ಟಿನ್ ಫ್ಯಾಕ್ಟರಿ ದಾಟಿ ಗಾಡಿ ತಿರುಗಿಸು. ನಾನ್ ಆ ಕಡೆ ಕೂತ್ಕೋತೀನಿ."

ತಿರುಗಿಸಿದಳು. ನಾನು ಎಡಗಡೆಗೆ ಸರಿದು ಮತ್ತೆ ಕಣ್ಣು ಮುಚ್ಚಿದೆ. ಈಗ ಸದ್ದು ನನ್ನ ಕೆಳಗೇ ಇರಬೇಕು, ನನ್ನ ತೂಕ ಬಿದ್ದು ಇನ್ನೂ ಜೋರಾಗಬೇಕು.

ಕೆಳಗೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕಾರೇ ನಿಶ್ಶಬ್ದವಾಯಿತು. ಆಮೇಲೆ...

ಗುಂಯ್ಯ್ಯ್...

ಬಲಗಡೆಯಿಂದ. ನಾನು ಈಗಷ್ಟೇ ಎದ್ದು ಬಂದ ಜಾಗದಿಂದ.

ನಾನು ಈ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು. ಟೈರ್ ಸದ್ದು ರಸ್ತೆಗೆ ತಕ್ಕಂತೆ ಬದಲಾಗುತ್ತದೆ, ಗೇರ್ ಸದ್ದು ಗೇರಿಗೆ ತಕ್ಕಂತೆ. ಆದರೆ ಬೇರಿಂಗ್ ಚಕ್ರದಿಂದ ಚಕ್ರಕ್ಕೆ ನಡೆದುಕೊಂಡು ಹೋಗುವುದಿಲ್ಲ. ಬಹುಶಃ ಸೀಟಿನ ಅಡಿಯ ತಗಡು ಅದುರುತ್ತಿರಬೇಕು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಅದುರುವುದು ಕೈಗೆ ಸಿಗುತ್ತದೇನೋ ಎಂದು ಕಣ್ಣು ಮುಚ್ಚಿಕೊಂಡೇ ಬಲಗಡೆ ಸೀಟಿನ ಮೇಲೆ ಅಂಗೈ ಊರಿದೆ.

ಸೀಟು ಬೆಚ್ಚಗಿತ್ತು. ಇರಲಿ, ನಾನೇ ಕೂತಿದ್ದ ಜಾಗ.

ಆದರೆ ಅದು ತಗ್ಗಿತ್ತು. ಯಾರಾದರೂ ಕೂತಾಗ ಸ್ಪಂಜು ಕುಸಿಯುತ್ತದಲ್ಲ, ಹಾಗೆ. ಕೈ ಇಟ್ಟೇ ಇದ್ದೆ. ನನ್ನ ಅಂಗೈ ಕೆಳಗೆ ಸ್ಪಂಜು ಮೆಲ್ಲಗೆ... ಬಹಳ ಮೆಲ್ಲಗೆ... ಮೇಲೆದ್ದಿತು. ಯಾರೋ ಎದ್ದ ಹಾಗೆ.

ಅದೇ ಗಳಿಗೆಗೆ ಗುಂಯ್ ನಿಂತಿತು.

ಕಣ್ಣು ತೆರೆದೆ. ಖಾಲಿ ಸೀಟು. ನಡುವಿಗೆ ಸರಿದು ಎರಡೂ ಕಡೆ ಕೈ ಚಾಚಿ ಕೂತೆ, ಎರಡು ಸೀಟನ್ನೂ ಕಾಯುವವನಂತೆ. ನನ್ನನ್ನು ಆ ಸ್ಥಿತಿಯಲ್ಲಿ ಯಾರಾದರೂ ನೋಡಿದ್ದರೆ ಜೋಗುಪಾಳ್ಯದಲ್ಲಿ ತಲೆ ಎತ್ತಲು ಆಗುತ್ತಿರಲಿಲ್ಲ.

ಬೈಯಪ್ಪನಹಳ್ಳಿ ಹತ್ತಿರ ಸೆಲ್ವಿ ಪಿಸುಗುಟ್ಟಿದಳು. ಕತ್ತು ತಿರುಗಿಸಲಿಲ್ಲ.

"ಅಣ್ಣ... ಈಗ ನನ್ ಪಕ್ಕದಲ್ಲಿ ಬರ್ತಿದೆ."

ಹೌದು. ಮುಂದೆ, ಅವಳ ಎಡಗಡೆಯ ಖಾಲಿ ಸೀಟಿನಿಂದ. ಗುಂಯ್ಯ್ಯ್... ಎಂಜಿನ್ನಿನದ್ದಲ್ಲ, ಚಕ್ರದ್ದಲ್ಲ. ಈಗ ಅದು ಬಾಯಿ ಮುಚ್ಚಿಕೊಂಡು ಯಾರೋ ರಾಗ ಎಳೆದಂತೆ ಕೇಳುತ್ತಿತ್ತು.

"ಗಾಡಿ ನಿಲ್ಲಿಸಬೇಡ," ಎಂದೆ. "ಸುಮ್ನೆ ಓಡ್ಸು. ಏನೋ ಗಾಳಿ ಸದ್ದು."

"ಗಾಜ್ ಎಲ್ಲಾ ಏರ್ಸಿದೀನಲ್ಲಣ್ಣ..."

"ಓಡ್ಸು ಅಂದ್ನಲ್ಲ!"

ಗ್ಯಾರೇಜಿಗೆ ಬಂದವನೇ ಕಾರನ್ನು ಜಾಕ್ ಮೇಲೆ ಎತ್ತಿದೆ. ಕಬ್ಬಿಣ ಸುಳ್ಳು ಹೇಳುವುದಿಲ್ಲ. ಒಂದೊಂದೇ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಕೂದಲೆಳೆಯಷ್ಟೂ ಸಡಿಲವಿಲ್ಲ. ಚಕ್ರ ತಿರುಗಿಸಿ ಸ್ಪ್ರಿಂಗ್ ಮೇಲೆ ಬೆರಳಿಟ್ಟೆ. ಬೇರಿಂಗ್ ಸವೆದಿದ್ದರೆ ಸ್ಪ್ರಿಂಗ್ ಬೆರಳಿಗೆ ಹೇಳಿಬಿಡುತ್ತದೆ. ಏನೂ ಹೇಳಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಚಕ್ರದ ನಡುವಿನ ಹಬ್‌ಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟೆ. ಬೆಣ್ಣೆಯಲ್ಲಿ ತಿರುಗಿದ ಹಾಗಿತ್ತು. ಕಲ್ಯಾಣ ನಗರದವನು ಕೆಲಸವನ್ನು ಚೆನ್ನಾಗಿಯೇ ಮಾಡಿದ್ದ. ಅದೊಂದು ಸಂಕಟ ಬೇರೆ.

ಸೆಲ್ವಿ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೂಂ ಅಂತೀರಾ, ಊಹೂಂ ಅಂತೀರಾ ಅಣ್ಣ?"

ಗಾಡಿ ಸರಿಯಿದೆ. ಹೂಂ ಎನ್ನಬೇಕಿತ್ತು. ಆದರೆ ಆ ಸೀಟಿನಲ್ಲಿ ಉಷಾ ಕೂರುತ್ತಾಳೆ, ಪಕ್ಕದ ಸೀಟು ಖಾಲಿ ಇರುತ್ತದೆ ಎಂದು ನೆನೆದ ಕೂಡಲೇ ನಾಲಿಗೆ ಏಳಲಿಲ್ಲ. ಭಯವಾಗಿತ್ತು. ಹೌದು, ನನಗೆ.

"ಆಕ್ಸಲ್ ಬಿಚ್ಚಿ ನೋಡ್ಬೇಕು," ಎಂದು ಸುಳ್ಳು ಹೇಳಿದೆ. "ಇದನ್ನ ಇಲ್ಲೇ ಬಿಡು. ನನ್ ಕಾರ್ ತಗೊಂಡ್ ಹೋಗು."

ನನ್ನ ಕಾರು ಗ್ಯಾರೇಜಿನ ಮುಂದೆಯೇ ನಿಂತಿತ್ತು. ದೇವರಿಲ್ಲ, ತಾಯಿತವಿಲ್ಲ, ಗಾಳಿ ಮಾತ್ರ ಸರಿಯಾಗಿತ್ತು. ಸೆಲ್ವಿ ಅದರ ಸುತ್ತ ಒಂದು ಸುತ್ತು ಬಂದು ಮುಂದೆ ನಿಂತುಬಿಟ್ಟಳು.

"ದೃಷ್ಟಿದಾರ ಇಲ್ವಲ್ಲಣ್ಣ."

"ಅದಕ್ಕೇನೀಗ?"

"ತುಂಬಿದ ಬಸುರಿ ಅಣ್ಣ. ಖಾಲಿ ಗಾಡೀಲಿ ಕೂರಿಸಿದ್ರೆ ಅಮ್ಮ ನನ್ನ ಮನೆಯೊಳಗೆ ಸೇರ್ಸಲ್ಲ. ಈ ಹೊತ್ತಲ್ಲಿ ನಿಂಬೆಹಣ್ಣು ಎಲ್ಲಿ ಸಿಗುತ್ತೆ..."

ನನಗೆ ಮೈ ಉರಿಯಿತು. ಚಕ್ರ ಕಳಚೀತೆಂದು ಹೆದರಿ ಬಂದವಳಿಗೆ ಈಗ ನಿಂಬೆಹಣ್ಣಿನ ಚಿಂತೆ! ಬಹುಶಃ ನನ್ನ ಭಯಕ್ಕೂ ಯಾರ ಮೇಲಾದರೂ ಹರಿಹಾಯಬೇಕಿತ್ತು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಅವಳ ಬಂಪರಿನಲ್ಲಿದ್ದ ಹಳೆ ದಾರವನ್ನೇ ಕತ್ತರಿಸಿದೆ.

"ಅಯ್ಯೋ ಬೇಡಣ್ಣ! ಹಳೇದನ್ನ ಇನ್ನೊಂದ್ ಗಾಡಿಗೆ ಕಟ್ಟಬಾರ್ದು. ಬಿಚ್ಚಿದ್ರೆ ಮೂರು ದಾರಿ ಸೇರೋ ಕಡೆ ಎಸೆದು, ತಿರುಗಿ ನೋಡ್ದೆ ಬರ್ಬೇಕು. ಅದೂ ಅಲ್ದೆ..."

"ಅದೂ ಅಲ್ದೆ ಏನು?"

"ಅದು ನಾನ್ ಕಟ್ಟಿದ್ದಲ್ಲ. ಗಾಡಿ ಜೊತೇನೇ ಬಂದಿದ್ದು. ಯಾರದ್ದೋ ಏನೋ, ಮುಟ್ಟೋಕೆ ಹೆದರಿ ಹಾಗೇ ಬಿಟ್ಟಿದ್ದೆ."

"ನಿಂಬೆಹಣ್ಣಿಗೂ ಆರ್.ಸಿ. ಬುಕ್ ಬೇಕಾ ನಿಮಗೆ? ದಾರ ಬೇಕು ಅಂದೆ, ದಾರ ತಗೋ" ಎಂದು ನನ್ನ ಕಾರಿನ ಬಂಪರಿಗೆ ಬಿಗಿಯಾಗಿ ಎರಡು ಗಂಟು ಹಾಕಿದೆ. ಬೆರಳಿಗೆ ಆ ಕೊಳೆತ ವಾಸನೆ ಅಂಟಿಕೊಂಡಿತು. ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ. ಸೆಲ್ವಿ ಕೀ ತೆಗೆದುಕೊಂಡು ಹೊರಟಳು.

ಅವಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳ ಕಾರನ್ನು ಜಾಕ್‌ನಿಂದ ಇಳಿಸಿ ಒಬ್ಬನೇ ಹಲಸೂರು ಕೆರೆಯ ಸುತ್ತ ಓಡಿಸಿದೆ. ಉಳಿದ ಮೂರೂ ಸೀಟು ಖಾಲಿ. ಸದ್ದಿಲ್ಲ. ಇನ್ನೊಂದು ಸುತ್ತು ಹಾಕಿದೆ, ಜೋರಾಗಿಯೂ ಓಡಿಸಿದೆ. ಕೊಳೆತ ವಾಸನೆಯೂ ಹೋಗಿತ್ತು. ಜಾಕ್ ಮೇಲೆ ಎತ್ತಿಳಿಸಿದಾಗ ಏನೋ ಸಡಿಲವಾಗಿದ್ದದ್ದು ಕೂತುಕೊಂಡಿರಬೇಕು ಎಂದು ಸಮಾಧಾನಪಟ್ಟೆ. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ನಾನು ಇಡ್ಲಿ ತಿನ್ನುತ್ತಿದ್ದಾಗ ಸೆಲ್ವಿಯ ಫೋನ್ ಬಂತು. ದನಿ ಹಗುರವಾಗಿತ್ತು.

"ಸೇರ್ಕೊಂಡ್ವಿ ಅಣ್ಣ. ಏನೂ ತೊಂದ್ರೆ ಆಗ್ಲಿಲ್ಲ. ನಿಮ್ಗೆ ಎಷ್ಟ್ ಥ್ಯಾಂಕ್ಸ್ ಹೇಳಿದ್ರೂ ಸಾಲ್ದು."

"ಹೂಂ, ಸರಿ."

"ಆದ್ರೆ ಒಂದ್ ಹೇಳ್ತೀನಿ, ಬೈಬೇಡಿ," ಎಂದು ನಕ್ಕಳು. "ಊರೋರ್ ಗಾಡಿ ಎಲ್ಲಾ ರಿಪೇರಿ ಮಾಡ್ತೀರಾ, ನಿಮ್ ಗಾಡೀದೇ ಬೇರಿಂಗ್ ಹೋಗಿದೆ. ಕೆ.ಆರ್. ಪುರದಿಂದ ಗುಂಯ್ ಅಂತಿತ್ತು."

ಕೈಯಲ್ಲಿದ್ದ ಇಡ್ಲಿ ತುಂಡನ್ನು ತಟ್ಟೆಗೆ ಹಾಕಿದೆ. "ಯಾವ ಕಡೆ?"

"ಹಿಂದೆ ಎಡಗಡೆ."

"ಉಷಾ ಎಲ್ಲಿ ಕೂತಿದ್ಲು?"

"ಹಿಂದೆ, ಬಲಗಡೆ. ಅವಳಿಗೇನ್ ಬಿಡಿ, ಹೊಸಕೋಟೆ ದಾಟ್ತಿದ್ದಂಗೆ ನಿದ್ದೆ. ತಿಂಗಳಿಂದ ನಿದ್ದೆ ಇಲ್ದೆ ಒದ್ದಾಡ್ತಿದ್ಲು ಪಾಪ. ನಿಮ್ ದಿಂಬು ಬೆಚ್ಚಗೆ ಚೆನ್ನಾಗಿತ್ತಂತೆ. ಎಲ್ಲಿ ತಗೊಂಡಿದ್ದು ಕೇಳು ಅಂತಿದಾಳೆ."

"ಯಾವ ದಿಂಬು?"

"ಎಡಗಡೆ ಸೀಟಲ್ಲಿ ಇಟ್ಟಿದ್ರಲ್ಲಣ್ಣ. ಕನ್ನಡೀಲಿ ನೋಡ್ದೆ, ಅದಕ್ಕೆ ಒರಗಿ ತಲೆ ಇಟ್ಕೊಂಡೇ ಮಲಗಿದ್ಲು, ಬಂಗಾರಪೇಟೆ ತನಕ..."

ನನ್ನ ಕಾರಿನಲ್ಲಿ ದಿಂಬು ಇಲ್ಲ. ಹಿಂದಿನ ಸೀಟಿನ ಮೇಲೆ ಒಂದು ಚಿಂದಿ ಬಟ್ಟೆಯೂ ಇರಲಿಲ್ಲ. ಫೋನಿನ ಆ ಕಡೆ ಸೆಲ್ವಿಯ ನಗು ನಿಧಾನವಾಗಿ ನಿಂತಿತು.

"ಅಣ್ಣ? ...ಇಟ್ಟಿದ್ರಿ ತಾನೇ?"

"ಇಟ್ಟಿದ್ದೆ," ಎಂದೆ. ಇನ್ನೇನು ಹೇಳಲಿ?

ಎರಡು ದಿನ ಬಿಟ್ಟು ಕಾರು ವಾಪಸ್ ತಂದಳು. ಬಂಪರಿನಲ್ಲಿ ದಾರವಿರಲಿಲ್ಲ. ನನ್ನ ಎರಡು ಗಂಟು ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ನೀನು ಬಿಚ್ಚಿದೆಯಾ ಎಂದರೆ ಇಲ್ಲ ಎಂದಳು, ತವರಿನ ಅಂಗಳದಲ್ಲಿ ನಿಲ್ಲಿಸುವವರೆಗೂ ಇತ್ತಂತೆ. ನಾನು ನನ್ನ ಕಾರನ್ನು ಅದೇ ರಸ್ತೆಯಲ್ಲಿ, ಅದೇ ಗೋಡೆ ಪಕ್ಕ ಓಡಿಸಿ ನೋಡಿದೆ. ಸದ್ದಿಲ್ಲ. ಅವಳ ಕಾರಿನಲ್ಲೂ ಇಲ್ಲ. ಎರಡು ಗಾಡಿಯೂ ಸರಿಹೋದರೆ ಮೆಕ್ಯಾನಿಕ್ ಖುಷಿಪಡಬೇಕು. ನಾನು ಮಾತ್ರ ಸ್ಟೇರಿಂಗ್ ಹಿಡಿದು ಒಂದೇ ಯೋಚನೆ ಮಾಡುತ್ತಿದ್ದೆ. ಇಲ್ಲಿಲ್ಲ, ಅಲ್ಲಿಲ್ಲ ಎಂದರೆ ಅದು ಎಲ್ಲಿ ಇಳಿದುಕೊಂಡಿತು?

ಉಷಾಗೆ ಹೆಣ್ಣು ಮಗುವಾಯಿತು. ತಾಯಿ ಮಗು ಇಬ್ಬರೂ ಆರೋಗ್ಯ. ಸೆಲ್ವಿ ಸಿಹಿ ತಂದುಕೊಟ್ಟಳು, ನಾನು ತಿಂದೆ. ನನ್ನ ತಲೆಯಲ್ಲಿರುವುದೆಲ್ಲ ಬರೀ ಹುಚ್ಚು, ವಯಸ್ಸಾಯಿತು ಎಂದು ನನ್ನನ್ನೇ ಬೈದುಕೊಂಡೆ. ಕೆಲವು ದಿನ ನೆಮ್ಮದಿಯಾಗಿಯೂ ಇದ್ದೆ.

ಮೊನ್ನೆ ಅವಳು ಮತ್ತೆ ಗ್ಯಾರೇಜಿಗೆ ಬಂದಿದ್ದಳು. ಗಾಡಿಯದ್ದೇನೂ ತಕರಾರಿರಲಿಲ್ಲ.

"ಮಗು ಎಷ್ಟ್ ಒಳ್ಳೇದು ಗೊತ್ತಾ ಅಣ್ಣ? ರಾತ್ರಿ ಅಳೋದೇ ಇಲ್ಲ. ತೊಟ್ಟಿಲಲ್ಲಿ ಹಾಕಿದ್ರೆ ಸಾಕು, ತೂಗೋದೂ ಬೇಡ, ಪಕ್ಕಕ್ಕೆ ನೋಡ್ಕೊಂಡ್ ನಕ್ಕೊಂಡ್ ಮಲಗ್ಬಿಡುತ್ತೆ. ಒಂದೇ ತೊಂದ್ರೆ ಏನಂದ್ರೆ, ರಾತ್ರಿ ಹೊತ್ತು ತೊಟ್ಟಿಲು ಗುಂಯ್ ಅನ್ನುತ್ತಂತೆ. ಕೊಂಡಿಗೆ ಯಾವ ಗ್ರೀಸ್ ಹಾಕ್ಬೇಕು ಕೇಳ್ಕೊಂಡ್ ಬಾ ಅಂದ್ಲು ಅಮ್ಮ."

ಒಂದು ಡಬ್ಬಿಯಲ್ಲಿ ಗ್ರೀಸ್ ತುಂಬಿ ಕೊಟ್ಟೆ. ತೊಟ್ಟಿಲಿನಲ್ಲಿ ಬೇರಿಂಗ್ ಇರುವುದಿಲ್ಲ.